ಚಿಕ್ಕಬೈರಪ್ಪನ ಕಣ್ಣಿಗೆ ಬಿದ್ದ ಸುಳಿ

ಪಟಾಲಮ್ಮನ ಆಣೆಗೂ ಇದು ನಡೆದದ್ದು. ನಂಬಿಕೆ ಬಾರದಿದ್ದರೆ ಕರ್ಪೂರ ತನ್ನಿ, ಅಂಗೈ ಮೇಲೆ ಹಚ್ಚಿ ಆರಿಸಿ ತೋರಿಸುತ್ತೇನೆ. ಹೇಳುವಾಗ ಒಂದು ಚಿಟಿಕೆ ಉಪ್ಪು ಹೆಚ್ಚು ಬಿದ್ದರೆ ಅದು ನನ್ನ ಕೈಗುಣ. ಅಡುಗೆ ಮಾತ್ರ ಬ್ಯಾಟರಾಯನಪುರದ್ದೇ.

ಆ ಊರಿನಲ್ಲಿ ಚಿಕ್ಕಬೈರಪ್ಪ ಅಂತ ಒಬ್ಬನಿದ್ದ. ಎರಡೂವರೆ ಎಕರೆ ರಾಗಿ ಹೊಲ, ಒಂದು ಜೊತೆ ಎತ್ತು, ಹೆಂಡತಿ ಗೌರಮ್ಮ, ಒಬ್ಬನೇ ಮಗ ಪಿಳ್ಳಣ್ಣ. ಇಷ್ಟು ಎಲ್ಲರಿಗೂ ಇರುತ್ತದೆ. ಇವನಿಗೆ ಹೆಚ್ಚಾಗಿ ಇದ್ದದ್ದು ಕಣ್ಣು. ಎತ್ತಿನ ಮೈಮೇಲೆ ಅಲ್ಲಲ್ಲಿ ಕೂದಲು ಸುತ್ತಿಕೊಂಡು ಸುಳಿ ಬಿದ್ದಿರುತ್ತದಲ್ಲ, ಅದನ್ನು ಓದುವ ಕಣ್ಣು. ಯಾವ ಸುಳಿ ಎಲ್ಲಿದ್ದರೆ ಕಣಜ ತುಂಬುತ್ತದೆ, ಯಾವುದು ಎಲ್ಲಿದ್ದರೆ ಮನೆಯವರನ್ನು ಚಟ್ಟ ಹತ್ತಿಸುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಹೆಬ್ಬಾಳದಿಂದ ಬಾಗಲೂರಿನವರೆಗೆ ಅವನು ನೋಡದೆ ಎತ್ತಿನ ಹಗ್ಗ ಕೈ ಬದಲಾಗುತ್ತಿರಲಿಲ್ಲ. ಹೆಬ್ಬಾಳದ ಕೆರೆ ಏರಿಯ ಮೇಲೆ ನಿಂತು ಆಚೆ ದಡದಲ್ಲಿ ನೀರು ಕುಡಿಯುವ ಎತ್ತಿನ ಸುಳಿ ಹೇಳುತ್ತಿದ್ದ. ಒಂದು ಸಲ ಎತ್ತು ಕತ್ತಿನವರೆಗೆ ನೀರಿನಲ್ಲಿ ಮುಳುಗಿತ್ತು. ಕೊಂಬು ನೋಡಿಯೇ ಹೊಟ್ಟೆಯ ಕೆಳಗಿನ ಸುಳಿ ಹೇಳಿದ. ಎತ್ತಿಗೇ ನಾಚಿಕೆಯಾಯಿತಂತೆ.

ಅವನ ಪಕ್ಕದ ಮನೆಯವನು ಮುನಿಶಾಮಪ್ಪ. ಗೆಳೆಯ, ಮಾತಿಗೆ ಮಾತು ಸೇರಿಸುವವನು. ಅವನು ಒಮ್ಮೆ ಹಾಲಿನಂಥ ಬಿಳಿ ಎತ್ತು ಹಿಡಿದು ತಂದ. ಚಿಕ್ಕಬೈರಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಭುಜದ ಹಿಂದೆ ಚಟ್ಟದ ಸುಳಿ ಐತೆ, ಮಾರಿಬುಡು" ಅಂದ. ಸುದ್ದಿ ಹಬ್ಬಿದ ಮೇಲೆ ಕೊಳ್ಳುವವರು ಯಾರು? ಮಾರುವ ಎತ್ತಿಗೆ ಹುಲ್ಲು ದಂಡ ಅಂತ ಮುನಿಶಾಮಪ್ಪ ಮೇವು ಕಡಿಮೆ ಮಾಡಿದ. ಮೂರು ತಿಂಗಳಿಗೆ ಎತ್ತು ಸತ್ತಿತು. "ನೋಡಿದ್ರಾ, ಬೈರಣ್ಣನ ಕಣ್ಣು!" ಅಂತ ಊರೆಲ್ಲ ಹೊಗಳಿತು. ಎತ್ತಿನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಐವತ್ತೈದನೇ ಇಸವಿಯ ಹೊತ್ತಿಗೆ ಆ ಕಣ್ಣಿಗೆ ಹೊಗೆ ಕವಿಯತೊಡಗಿತು. ಮೊದಲು ದೀಪದ ಸುತ್ತ ಬಳೆ ಕಂಡಿತು, ಆಮೇಲೆ ಬಳೆ ಉಳಿದು ದೀಪ ಹೋಯಿತು. ಚಿಕ್ಕಬೈರಪ್ಪ ಯಾರಿಗೂ ಹೇಳಲಿಲ್ಲ. ಸುಳಿ ನೋಡುವವನಿಗೆ ಕಣ್ಣು ಕಾಣುವುದಿಲ್ಲ ಅಂದರೆ, ಪೂಜಾರಿಗೆ ದೇವರ ಗುರುತಿಲ್ಲ ಅಂದ ಹಾಗೆ. ಅವನು ಒಂದು ಉಪಾಯ ಕಂಡುಕೊಂಡ. ಎತ್ತು ಬಂದರೆ ಕೊಂಬಿನಿಂದ ಬಾಲದವರೆಗೆ ಮೈ ಸವರುತ್ತಿದ್ದ, ಬೆರಳ ತುದಿಗೆ ಸುಳಿ ಸಿಕ್ಕುತ್ತಿತ್ತು. ಜನ ಅದನ್ನು ಪ್ರೀತಿ ಅಂದುಕೊಂಡರು. ಹೀಗೆ ಕೈ ಕಣ್ಣಿನ ಮಾನ ಕಾಯಿತು. ತೊಂದರೆ ಬಂದದ್ದು ಸವರಲಾಗದ ಕಡೆ.

ಐವತ್ತೇಳರಲ್ಲಿ ಗೌರಮ್ಮ ಬಾಗಲೂರಿನಿಂದ ಮುನಿಕೃಷ್ಣಮ್ಮ ಎಂಬ ಹುಡುಗಿಯನ್ನು ಸೊಸೆಯಾಗಿ ತಂದುಕೊಂಡಳು. ಮದುವೆಯಾದ ಮೂರನೇ ದಿನ ಬೆಳಿಗ್ಗೆ, ಜಗಲಿಯ ಮೇಲೆ ಕೂತಿದ್ದ ಮಾವನ ಕಾಲಿಗೆ ಹುಡುಗಿ ಬಿದ್ದಳು. ಜಡೆ ಮುಂದಕ್ಕೆ ಜಾರಿತು. ಅವಳ ಕತ್ತಿನ ಹಿಂದೆ ಏನೋ ಕಪ್ಪಗೆ ಸುತ್ತಿಕೊಂಡ ಹಾಗೆ ಚಿಕ್ಕಬೈರಪ್ಪನಿಗೆ ಕಂಡಿತು. ಎಣ್ಣೆ ಹಚ್ಚಿದ ಕೂದಲೋ, ಹೂವಿನ ನಾರೋ, ಅವನ ಕಣ್ಣೊಳಗೇ ತೇಲುತ್ತಿದ್ದ ಹೊಗೆಯೋ! ಎತ್ತಾಗಿದ್ದರೆ ಸವರಿ ನೋಡುತ್ತಿದ್ದ. ಮಾವನಾದವನು ಸೊಸೆಯ ಕತ್ತು ಮುಟ್ಟುವುದುಂಟೇ? 'ಇನ್ನೊಂದು ಸಲ ಬಗ್ಗಮ್ಮ' ಅನ್ನಬಹುದಿತ್ತು. ಆದರೆ ಪಕ್ಕದಲ್ಲೇ ಮುನಿಶಾಮಪ್ಪ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ.

"ಏನ್ ಬೈರಣ್ಣ, ಎತ್ತು ನೋಡ್ದಂಗೆ ನೋಡ್ತಿದ್ದೀಯ? ಸುಳಿ ಗಿಳಿ ಐತೇನು?" ಅಂತ ನಕ್ಕ.

ಹುಡುಗಾಟದ ಮಾತು. 'ಏನೂ ಇಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ತಾನು ಇಲ್ಲ ಅಂದು, ಮುನಿಶಾಮಪ್ಪ ಬಗ್ಗಿ ನೋಡಿ ಇದೆ ಅಂದುಬಿಟ್ಟರೆ? ಮೂವತ್ತು ವರ್ಷದ ಹೆಸರು ಎಲೆ ಅಡಿಕೆಯ ಜೊತೆ ಉಗಿಸಿಕೊಂಡು ಹೋಗುತ್ತದೆ.

"ಐತೆ," ಅಂದ ಚಿಕ್ಕಬೈರಪ್ಪ. "ಚಟ್ಟದ ಸುಳಿ."

ಮುನಿಶಾಮಪ್ಪನ ನಗು ಅಲ್ಲೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಊರಿನ ಎರಡೂ ಬಾವಿಗಳಲ್ಲಿ ಅದೇ ಮಾತು.

ಗೌರಮ್ಮ ಎಣ್ಣೆ ಹಚ್ಚುವ ನೆಪದಲ್ಲಿ ಸೊಸೆಯ ಕತ್ತು ನೋಡಿದಳು. ಏನೂ ಕಾಣಲಿಲ್ಲ. 'ನನಗೆಲ್ಲಿ ಅವರಂಥ ಕಣ್ಣು' ಅಂದುಕೊಂಡಳು. ನಾಲ್ಕನೇ ದಿನ ಸ್ವಲ್ಪ ಕಂಡ ಹಾಗಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅದು ಬೆಳ್ಳಿ ರೂಪಾಯಿಯಷ್ಟು ಅಗಲ ಬೆಳೆದಿತ್ತು. ನೀರು ಸೇದುವ ಹೆಂಗಸರಿಗೂ ಕಂಡಿತು. ಅದು ಬಲಕ್ಕೆ ಸುತ್ತಿದೆ ಅಂತ ಒಬ್ಬಳು, ಎಡಕ್ಕೆ ಅಂತ ಇನ್ನೊಬ್ಬಳು. ಸುತ್ತುವ ದಿಕ್ಕಿನ ಮೇಲೆ ಜಗಳವಾಯಿತೇ ಹೊರತು, ಇದೆಯೋ ಇಲ್ಲವೋ ಅಂತ ಆಗಲಿಲ್ಲ.

ಪಿಳ್ಳಣ್ಣನಿಗೆ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ದಿನಾ ಸೈಕಲ್ಲಿನಲ್ಲಿ ಹೋಗಿ ಬರುವಾಗ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತರುತ್ತಿದ್ದ. ಒಂದು ಭಾನುವಾರ ಬೆಳಕಿಗೆ ಅವಳನ್ನು ಬಾಗಿಲ ಕಡೆ ಬೆನ್ನು ಮಾಡಿ ಕೂರಿಸಿದ.

"ಅಂಗೇ ಇರು. ಅಲ್ಲಾಡ್ಬೇಡ."

"ಏನ್ ನೋಡ್ತೀರ? ರಾಗಿ ಪೈರು ಬಂದೈತಾ ಕತ್ತಲ್ಲಿ?"

"ನಗ್ಬೇಡ ಕಣೇ. ಐತೆ. ನಂಗೇ ಕಾಣ್ತಾ ಐತೆ."

"ನೆನ್ನೆ ಇಲ್ಲ ಅಂದ್ರಿ."

"ನೆನ್ನೆ ಸರಿಯಾಗಿ ನೋಡಿರ್ಲಿಲ್ಲ."

ಆಮೇಲೆ ಮಲ್ಲಿಗೆ ಅರ್ಧ ಮೊಳಕ್ಕಿಳಿಯಿತು. ಆಮೇಲೆ ಅದೂ ನಿಂತಿತು.

ಅಲ್ಲಿಂದ ಆ ಹುಡುಗಿ ಏನು ಮಾಡಿದರೂ ಸುಳಿಯೇ ಮಾಡಿದ್ದು. ಬೇಗ ಎದ್ದರೆ ಕಳ್ಳಬುದ್ಧಿ, ತಡವಾಗಿ ಎದ್ದರೆ ದರಿದ್ರ. ಸುಮ್ಮನಿದ್ದರೆ ಒಳಗೊಳಗೇ ಏನೋ ಮಸೆಯುತ್ತಿದ್ದಾಳೆ, ಮಾತಾಡಿದರೆ ಬಾಯಿಬಡುಕಿ. ಕಾಯಿಲೆ ಬಿದ್ದ ಕರುವಿಗೆ ಮೂರು ದಿನ ಗಂಜಿ ಕುಡಿಸಿ ಬದುಕಿಸಿದಳು. "ಕರುವಿನ ಜೀವ ಬುಟ್ಟು, ಇನ್ಯಾರ್ದೋ ತಗೋತದೆ ನೋಡು" ಅಂದಳು ಗೌರಮ್ಮ. ಚಿಕ್ಕಬೈರಪ್ಪನಿಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಅವಳ ಬಳೆಯ ಸದ್ದಿಗೆ. ಅವನು ಹಜಾರಕ್ಕೆ ಬಂದರೆ ಸಾಕು, ಎಲ್ಲಿದ್ದರೂ ಅಲ್ಲಿಂದ ಝಲ್ ಝಲ್ ಅನ್ನಿಸುತ್ತಿದ್ದಳು. "ಮಾವನ ಮುಂದೆ ಬಳೆ ಕುಣಿಸ್ತಾಳೆ. ನಾಚ್ಕೆ ಅನ್ನೋದು ಬ್ಯಾಡ್ವಾ?" ಅಂತ ಹೆಂಡತಿಯ ಹತ್ತಿರ ಗೊಣಗಿದ.

ಐವತ್ತೊಂಬತ್ತರ ಮಳೆಗಾಲದಲ್ಲಿ ಜ್ವರ ಬಂತು. ಗೌರಮ್ಮ ಹನ್ನೊಂದು ದಿನ ಮಲಗಿದಳು. ಸೊಸೆ ಹನ್ನೊಂದು ದಿನವೂ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಹನ್ನೆರಡನೇ ದಿನ ಗೌರಮ್ಮನಿಗೆ ಚಟ್ಟ ಕಟ್ಟಿದರು. ಅದೇ ಜ್ವರಕ್ಕೆ ಅದೇ ತಿಂಗಳು ಆ ಊರಿನಲ್ಲಿ ಇನ್ನೂ ಮೂರು ಮುದುಕಿಯರು ಹೋದರು. ಆ ಮನೆಗಳ ಸೊಸೆಯರ ಕತ್ತು ಯಾರೂ ನೋಡಲಿಲ್ಲ.

ತಿಥಿ ಮುಗಿಸಿದ ಮಾರನೇ ದಿನ ಪಿಳ್ಳಣ್ಣ ಹೆಂಡತಿಯನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬಾಗಲೂರಿನ ಗಡಿಯವರೆಗೆ ಹೋದ. "ಹಬ್ಬಕ್ಕೆ ಬಂದು ಕರ್ಕೊಂಡೋಗ್ತೀನಿ" ಅಂದ. ಯಾವ ಹಬ್ಬ ಅಂತ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಮೂರು ವರ್ಷದ ಹಬ್ಬಗಳು ಬಂದು ಹೋದವು. ಅರವತ್ತೆರಡರಲ್ಲಿ, ಯಲಹಂಕದ ಸಂತೆಯಲ್ಲಿ, ದನದ ದಳ್ಳಾಳಿ ಖುದ್ದೂಸ್ ಸಾಬಿ ಚಿಕ್ಕಬೈರಪ್ಪನ ರಟ್ಟೆ ಹಿಡಿದು ಪಕ್ಕಕ್ಕೆಳೆದ.

"ಬೈರಣ್ಣ, ಯಾರಿಗೆ ನಮಸ್ಕಾರ ಮಾಡಿದ್ದು ನೀನು?"

"ನಿಂಗೇ ಕಣಯ್ಯ."

"ನಾನು ಇಲ್ಲಿದೀನಿ. ನೀನು ಮಾಡಿದ್ದು ನನ್ನ ಕೋಣಕ್ಕೆ. ಅದೂ ತಲೆ ಆಡಿಸ್ತು, ಪಾಪ, ಮರ್ಯಾದೆ ಐತೆ ಅದಕ್ಕೆ." ಆಮೇಲೆ ದನಿ ತಗ್ಗಿಸಿದ. "ಇಲ್ಲಿ ಸ್ಕೂಲ್‌ನಲ್ಲಿ ಪುಗಸಟ್ಟೆ ಕಣ್ಣು ಆಪರೇಶನ್ ಮಾಡ್ತಾವ್ರೆ. ನಡಿ. ನಾನು ಯಾರಿಗೂ ಹೇಳಾಕಿಲ್ಲ. ಅಲ್ಲಾನಾಣೆ."

ಶಿಬಿರದ ಡಾಕ್ಟರು ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. "ಎಷ್ಟು ದಿನದಿಂದ ಹೀಗೆ?"

"ಈ ಸಂಕ್ರಾಂತಿಯಿಂದೀಚೆಗೆ ಸ್ವಾಮಿ."

"ನನ್ನ ಹತ್ತಿರ ಸುಳ್ಳು ಹೇಳ್ಬೇಡಿ ಯಜಮಾನ್ರೇ. ಪೊರೆ ಬಲಿತು ಕಲ್ಲಾಗಿದೆ. ಐದಾರು ವರ್ಷದಿಂದ ನಿಮಗೆ ಮನುಷ್ಯರ ಮುಖ ಸರಿಯಾಗಿ ಕಂಡಿರಲಾರದು."

ಕಣ್ಣಿಗೆ ಪಟ್ಟಿ ಕಟ್ಟಿ ಶಾಲೆಯ ನೆಲದ ಮೇಲೆ ಅಲ್ಲಾಡದಂತೆ ಎಂಟು ದಿನ ಮಲಗಿಸಿದರು. ಮಾಡಲು ಬೇರೆ ಕೆಲಸವಿಲ್ಲ. ಚಿಕ್ಕಬೈರಪ್ಪ ಆ ಐದಾರು ವರ್ಷಗಳಲ್ಲಿ ತಾನು ನೋಡಿದ ಮುಖಗಳನ್ನು ಒಂದೊಂದಾಗಿ ನೆನೆಸಿಕೊಂಡ. ಹೆಂಡತಿಯ ಮುಖ ಬಂತು, ಆದರೆ ಅದು ಅವಳ ಹಳೆಯ ಮುಖ. ಮಗನದ್ದೂ ಹಾಗೇ, ಮೀಸೆ ಬರುವ ಮುಂಚಿನದ್ದು. ಸೊಸೆಯ ಮುಖ ಬರಲೇ ಇಲ್ಲ. ಎರಡು ವರ್ಷ ಅವಳ ಕೈಯಡುಗೆ ಉಂಡಿದ್ದ. ಅವಳಿಗೆ ಮೂಗು ಹೇಗಿತ್ತು, ಬಣ್ಣ ಹೇಗಿತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕತ್ತಿನ ಮೇಲಿನ ಸುಳಿ ಒಂದೇ.

ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ತಳದಂಥ ಗಾಜಿನ ಕನ್ನಡಕ ಕೊಟ್ಟರು. ಲೋಕ ಮೈಮೇಲೆ ಬಂದ ಹಾಗೆ ದೊಡ್ಡದಾಗಿ ಕಂಡಿತು. ನೊಣ ಹಸುವಿನಷ್ಟಿತ್ತು, ಹಸು ಬೆಟ್ಟದಷ್ಟಿತ್ತು. ಮನೆಗೆ ಬಂದರೆ ಪಿಳ್ಳಣ್ಣ ಎರಡನೇ ಮದುವೆ ಗೊತ್ತು ಮಾಡಿಕೊಂಡಿದ್ದ. ಹುಡುಗಿ ಹೆಬ್ಬಾಳದವಳು. ಇನ್ನು ಇಪ್ಪತ್ತು ದಿನ.

ಚಿಕ್ಕಬೈರಪ್ಪ ಮಾರನೇ ದಿನವೇ ಬಾಗಲೂರಿಗೆ ಹೊರಟ. ಪಶ್ಚಾತ್ತಾಪ ಅಂತ ತಿಳಿಯಬೇಡಿ. ಅವನು ಹೊರಟದ್ದು ಸುಳಿ ಇರಲಿ ಅಂತ ಹರಸಿಕೊಂಡು. ಒಂದು ಸಲ ಈ ಹೊಸ ಕಣ್ಣಿಗೆ ಅದು ಕಂಡುಬಿಟ್ಟರೆ ಸಾಕು, ಮಗನ ಮದುವೆಯಲ್ಲಿ ನೆಮ್ಮದಿಯಾಗಿ ಉಣ್ಣಬಹುದು. ದಾರಿಯುದ್ದಕ್ಕೂ ಪಟಾಲಮ್ಮನಿಗೆ ಕೈ ಮುಗಿದ. 'ತಾಯಿ, ಕಡಲೇಕಾಳಷ್ಟಾದ್ರೂ ಇರ್ಲಿ.'

ಬಾಗಲೂರಿನ ಆ ಮನೆಯ ಮುಂದೆ ಒಬ್ಬ ಎತ್ತರದ ಹೆಂಗಸು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎಣ್ಣೆಗೆಂಪು ಬಣ್ಣ, ಅಗಲ ಹಣೆ, ನಗು ತಡೆದುಕೊಂಡಂಥ ತುಟಿ.

"ಯಾರವ್ವ ನೀನು? ಮುನಿಕೃಷ್ಣಮ್ಮ ಒಳಗವಳಾ?"

ಅವಳು ಸ್ವಲ್ಪ ಹೊತ್ತು ಅವನ ಕನ್ನಡಕವನ್ನೇ ನೋಡಿದಳು. "ನಾನೇ ಮಾವ."

ಒಳಗಿಂದ ಅವಳ ತಾಯಿ ಮಾರಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏನ್ ಬೀಗ್ರು ದಾರಿ ತಪ್ಪಿ ಬಂದವ್ರೆ? ಇಲ್ಲಿ ಯಾವ ಎತ್ತೂ ಮಾರೋಕಿಲ್ವಲ್ಲ."

ಅವನು ಜಗಲಿಯ ಮೇಲೆ ಕೂತ. ನೀರು ಕೊಡಲಿಲ್ಲ, ಅವನೂ ಕೇಳಲಿಲ್ಲ. "ಒಂದು ಸಲ ಕತ್ತು ನೋಡ್ಬೇಕು ಕಣಮ್ಮ," ಅಂದ. "ಬೆಳಕಲ್ಲಿ."

ಮಾರಮ್ಮ ಬಾಯಿ ತೆಗೆಯುವಷ್ಟರಲ್ಲಿ ಮುನಿಕೃಷ್ಣಮ್ಮ ಮೊರ ಕೆಳಗಿಟ್ಟು, ತಿರುಗಿ ಕೂತು, ಜಡೆ ಮುಂದಕ್ಕೆ ಹಾಕಿಕೊಂಡಳು.

ಇತ್ತು. ದುಂಡಗೆ, ಬೆಳ್ಳಿ ರೂಪಾಯಿಯಷ್ಟು ಅಗಲ, ಯಾವ ಕುರುಡನಿಗೂ ಕಾಣುವಷ್ಟು. ಚಿಕ್ಕಬೈರಪ್ಪನ ಎದೆ ಹಗುರವಾಯಿತು. ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದ. ಅದು ಸುಳಿಯಲ್ಲ. ಕೂದಲೇ ಇಲ್ಲದ, ಸುಕ್ಕುಗಟ್ಟಿದ, ಸುಟ್ಟ ಚರ್ಮ.

"ಏನಿದು?"

"ಬರೆ," ಅಂದಳು ಮಾರಮ್ಮ. "ಮತ್ತೇನ್ ಮಾಡೋದು? ಸುಳಿ ಹೋದ್ರಾದ್ರೂ ಕರ್ಕೊಂಡೋಗ್ತೀರೇನೋ ಅಂತ, ಕುಡುಗೋಲ ಹಿಡೀಲಿರೋ ಕಬ್ಬಿಣದ ಬಳೆ ಕಾಯ್ಸಿ ಇಟ್ಟೆ. ನಾನೇ ಇಟ್ಟೆ, ಈ ಕೈಯಾಗೆ. ಇಬ್ಬರು ಹಿಡ್ಕೊಂಡಿದ್ರು ಇವಳನ್ನ."

"ಬರೆ ಇಡೋ ಮುಂಚೆ ಇತ್ತಾ ಮಾರಮ್ಮ? ಸುಳಿ ಇತ್ತಾ? ನಿಜ ಹೇಳು."

"ನನ್ನ ಕೇಳ್ತೀರಲ್ಲ! ನೋಡ್ದೋರು ನೀವು. ನೀವು ಹೇಳ್ದ ಮೇಲೆ ನಂಗೂ ಕಾಣ್ತು."

ಅವನು ಸೊಸೆಯ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

"ನನ್ನ ಕತ್ತು ನಾನೆಂಗೆ ನೋಡ್ಕೊಳ್ಳಲಿ ಮಾವ?" ಅಂದಳು. "ನೀವೆಲ್ಲ ಏನ್ ಹೇಳಿದ್ರೋ ಅದೇ ನನ್ ಕತ್ತು." ಒಂದು ಅವರೆಕಾಯಿ ಸುಲಿದಳು. "ನಿಮಗೆ ಕಣ್ಣು ಕಾಣಾಕಿಲ್ಲ ಅಂತ ನಂಗೆ ಮೊದಲ ವಾರದಾಗೇ ಗೊತ್ತಾಯ್ತು. ಹಜಾರದ ಕಂಬಕ್ಕೆ 'ದಾರಿ ಬುಡಮ್ಮ' ಅಂದ್ರಿ. ನೀವು ಬಂದು ನನಗೆ ಡಿಕ್ಕಿ ಹೊಡೆದ್ರೆ ನಿಮ್ಮ ಮಾನ ಹೋಗ್ತದೆ ಅಂತ, ನಾನೆಲ್ಲಿದೀನಿ ಅಂತ ಬಳೆ ಆಡಿಸ್ತಿದ್ದೆ."

"ಆವಾಗ್ಲೇ ಹೇಳ್ಬಾರ್ದಿತ್ತಾ, ಇವ್ರಿಗೆ ಕಣ್ಣಿಲ್ಲ ಅಂತ?" ಅಂದ ಮುದುಕ.

"ಹೇಳಿದ್ರೆ ಏನಂತಿದ್ರಿ? ಚಟ್ಟದ ಸುಳಿ ಮುಂಡೆ ಬಂದು ಮಾವನ್ನ ಕುರುಡ ಮಾಡಿದ್ಲು ಅಂತಿದ್ರಿ."

ಚಿಕ್ಕಬೈರಪ್ಪ ಅದೇ ಅನ್ನುತ್ತಿದ್ದ, ಅವನಿಗೇ ಗೊತ್ತು. "ಬಾಮ್ಮ ಮನೆಗೆ," ಅಂದ.

"ನೀವು ಕರೆದ್ರೆ ಬರಾಕಿಲ್ಲ. ಆ ಊರು ಇನ್ನೊಂದು ಸಲ ನನ್ ಬೆನ್ನಿಂದೆ ನಿಂತು ನೋಡೋದು ಬ್ಯಾಡ. ಅರಳೀಕಟ್ಟೆ ಮೇಲೆ ನಿಂತು, ಸುಳಿ ಇರ್ಲಿಲ್ಲ, ನಂಗೆ ಕಣ್ಣಿರ್ಲಿಲ್ಲ ಅಂತ ಹೇಳಿ. ಅವ್ರು ಹೂಂ ಅನ್ಲಿ. ಬತ್ತೀನಿ."

ವಾಪಸು ಬರುವ ದಾರಿಯಲ್ಲಿ ಮುದುಕ ತನ್ನ ಹೆಸರನ್ನು ಒಂದು ತಕ್ಕಡಿಯಲ್ಲಿಟ್ಟ, ಆ ಸುಟ್ಟ ಚರ್ಮವನ್ನು ಇನ್ನೊಂದರಲ್ಲಿಟ್ಟ. ಹತ್ತು ಸಲ ಹೆಸರೇ ತೂಗಿತು. ಹನ್ನೊಂದನೇ ಸಲ ಊರು ಬಂತು. ಅರಳೀಕಟ್ಟೆ ತುಂಬ ಜನ ಕೂತಿದ್ದರು. ಪಿಳ್ಳಣ್ಣ ಮದುವೆಗೆ ವೀಳ್ಯ ಕೊಡುತ್ತಿದ್ದ.

ಚಿಕ್ಕಬೈರಪ್ಪ ಕಟ್ಟೆ ಹತ್ತಿದ. "ಎಲ್ರೂ ಕೇಳಿ. ಐವತ್ತೈದರಿಂದ ನಂಗೆ ಕಣ್ಣಿರ್ಲಿಲ್ಲ. ಸೊಸೆ ಕತ್ತಲ್ಲಿ ಏನ್ ಕಂಡ್ತೋ ಅದು ಸುಳಿ ಅಲ್ಲ. ಸುಮ್ನೆ ಅಂದ್ಬುಟ್ಟೆ."

ಮೂವತ್ತು ವರ್ಷದ ಹೆಸರನ್ನು ಕಿತ್ತು ಎಸೆಯಲು ಅವನಿಗೆ ಅಷ್ಟೇ ಹೊತ್ತು ಹಿಡಿಯಿತು. ಆದರೆ ಎಸೆದದ್ದನ್ನು ಹಿಡಿದುಕೊಳ್ಳಲು ಅಲ್ಲಿ ಯಾರೂ ಕೈ ಚಾಚಲಿಲ್ಲ.

ಮುನಿಶಾಮಪ್ಪನೇ ಮೊದಲು ನಕ್ಕ. "ಕಣ್ಣಿರ್ಲಿಲ್ಲ ಅಂದ್ರೆ ಹೋದ ವರ್ಷ ನನ್ನ ಕೆಂದೆತ್ತಿನ ಸುಳಿ ಎಂಗೆ ಹೇಳ್ದೆ? ಮಾರ್ಸಿದ್ಯಲ್ಲ!"

"ಕೈಯಾಗೆ ಸವರಿ ಹೇಳ್ದೆ."

"ಕೈಯಾಗೆ ನೋಡೋಕೆ ಅದೇನ್ ಮುದ್ದೆನಾ? ಬುಡು ಬೈರಣ್ಣ. ಆಪರೇಶನ್ ಮಾಡಿ ನಿನ್ ಕಣ್ಣು ಕೆಡಿಸವ್ರೆ. ನಿನ್ನ ಹಳೇ ಕಣ್ಣೇ ನಿಜವಾದ ಕಣ್ಣು."

"ಹೌದೌದು, ಗಾಜು ಹಾಕ್ದ ಮೇಲೆ ಕೆಟ್ಟೋಯ್ತು," ಅಂದಿತು ಕಟ್ಟೆ. ಅವನ ಮಾತಿನ ಮೇಲೆ ಎತ್ತು ಮಾರಿದವರು, ಕೊಂಡವರು, ಮೇವು ಕಡಿಮೆ ಮಾಡಿದವರು, ಎಲ್ಲರೂ ಅಲ್ಲಿದ್ದರು. ಅವನು ಕುರುಡನಾಗಿದ್ದ ಅಂದರೆ ತಾವೇನು ಅಂತ ಯಾರಿಗೂ ಲೆಕ್ಕ ಹಾಕುವ ಆಸೆಯಿರಲಿಲ್ಲ.

ಅವನು ಮಗನ ಕಡೆ ನೋಡಿದ. ಪಿಳ್ಳಣ್ಣ ವೀಳ್ಯದ ತಟ್ಟೆ ಕೆಳಗಿಟ್ಟ.

"ಅಪ್ಪಾ, ನಾನೇ ನೋಡಿದೀನಿ. ಬೆಳಕಲ್ಲಿ ಕೂರ್ಸಿ ನೋಡಿದೀನಿ."

"ನಾನು ಹೇಳ್ದ ಮೇಲೆ ನೋಡ್ದೆ ಕಣೋ."

"ಅಂದ್ರೆ? ಇಲ್ದೇ ಇರೋದನ್ನ ನೋಡಿ, ಅವಳನ್ನ ಊರಾಚೆ ಇಳ್ಸಿ ಬಂದೆ ಅಂತೀಯಾ? ಅಂಗಾದ್ರೆ ನಾನು ಎಂಥೋನು ಅಪ್ಪಾ?" ಯಾರಾದರೂ ಉತ್ತರ ಕೊಟ್ಟಾರು ಅಂತ ಸುತ್ತ ನೋಡಿದ. ಎಲ್ಲರೂ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಇತ್ತು ಅಪ್ಪಾ," ಅಂದ. "ಇತ್ತು."

ಇಪ್ಪತ್ತನೇ ದಿನ ಮದುವೆ ನಡೆಯಿತು. ಹೊಸ ಸೊಸೆ ಬಂದು ಮಾವನ ಕಾಲಿಗೆ ಬಿದ್ದಳು. ಚಪ್ಪರದೊಳಗೆ ವಾಲಗ ತಾನಾಗಿ ನಿಂತಿತು. ಊರೆಲ್ಲ ಕತ್ತು ಚಾಚಿ ಮುದುಕನ ಬಾಯಿ ನೋಡುತ್ತಿತ್ತು. ಅವನಿಗೆ ಕನ್ನಡಕದೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು: ಹದಿನೇಳು ವರ್ಷದ ಹುಡುಗಿಯ ಬರೀ ಕತ್ತು, ಬೆವರಿನ ಒಂದು ಹನಿ, ಅಷ್ಟೇ.

"ಏನೂ ಇಲ್ಲ," ಅಂದ.

"ಗಾಜು ತೆಗೆದು ನೋಡು ಬೈರಣ್ಣ," ಅಂದ ಮುನಿಶಾಮಪ್ಪ.

"ತೆಗೆದು ನೋಡಪ್ಪಾ," ಅಂದ ಪಿಳ್ಳಣ್ಣ.

ಹುಡುಗಿ ಬಗ್ಗಿಯೇ ಇದ್ದಳು. ಇಲ್ಲ ಅಂದರೆ ಈ ಜನ ಬಿಡುವುದಿಲ್ಲ. ಇವತ್ತಲ್ಲ ನಾಳೆ ತಾವೇ ಏನಾದರೊಂದು ಕಾಣುತ್ತಾರೆ. ಚಿಕ್ಕಬೈರಪ್ಪ ಕನ್ನಡಕ ತೆಗೆದ. ಲೋಕ ಕರಗಿ ಗಂಜಿಯಾಯಿತು. ಕತ್ತು ಯಾವುದು, ನೆಲ ಯಾವುದು ಒಂದೂ ತಿಳಿಯಲಿಲ್ಲ.

"ರಾಜಸುಳಿ," ಅಂದ. "ಲಕ್ಷದಲ್ಲಿ ಒಬ್ಬರಿಗೆ ಇರ್ತದೆ."

"ಅಗೋ ಕಂಡ್ತು!" ಅಂದರು ನಾಲ್ಕು ಜನ ಒಟ್ಟಿಗೆ. ವಾಲಗ ಶುರುವಾಯಿತು.

ಆ ಹುಡುಗಿ ಮುದ್ದೆ ಸೀಯಿಸಿದರೆ ಪಿಳ್ಳಣ್ಣ ಘಮ್ ಅಂತದೆ ಅನ್ನುತ್ತಿದ್ದ. ಹೊತ್ತೇರುವವರೆಗೆ ಮಲಗಿದರೆ ಲಕ್ಷ್ಮಿ ಮಲಗಿದ್ದಾಳೆ ಅನ್ನುತ್ತಿದ್ದರು. ಎತ್ತು ಕೊಳ್ಳುವವರು ಮೊದಲು ಅವಳ ಮುಖ ನೋಡಿ ಹೋಗುತ್ತಿದ್ದರು. ಬ್ಯಾಟರಾಯನಪುರದವರು ಯಾರಾದರೂ ಬಾಗಲೂರಿಗೆ ಹೋದರೆ, ಅವರೆ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಮುನಿಕೃಷ್ಣಮ್ಮನ ಕತ್ತು ದೂರದಿಂದಲೇ ತೋರಿಸುತ್ತಿದ್ದರು. "ನೋಡಿ, ರೂಪಾಯಿ ಅಗಲ ಐತೆ. ಮುದುಕ ಅದನ್ನೂ ಇಲ್ಲ ಅಂದ್ನಲ್ಲ!" ಚಿಕ್ಕಬೈರಪ್ಪ ಮಾತ್ರ ಆ ಕಡೆ ಮತ್ತೆ ಕಾಲಿಡಲಿಲ್ಲ. ಹೋದರೆ ಕನ್ನಡಕ ಹಾಕಿಕೊಂಡು ಹೋಗಬೇಕು, ಹಾಕಿಕೊಂಡರೆ ಅವಳ ಮುಖ ಕಾಣುತ್ತದೆ.

ಇಷ್ಟೇ. ಒಂದು ಅಕ್ಷರ ಸುಳ್ಳಿಲ್ಲ. ನೀವೇಕೆ ನನ್ನನ್ನು ಹಾಗೆ ಓರೆಯಾಗಿ ನೋಡುತ್ತಿದ್ದೀರಿ? ಇವನು ಬುರುಡೆ ದಾಸ ಅಂತ ಮುಖದ ಮೇಲೆ ಬರೆದಿದೆಯೇ? ಬರೆದಿದ್ದರೆ ಜೋರಾಗಿ ಓದಿ. ಆದರೆ ಓದುವ ಮುಂಚೆ ನಿಮ್ಮ ಕನ್ನಡಕ ತೆಗೆದು ಇತ್ತ ಕೊಡಿ.